ಮನೆಯಡಿಯ ಬೇರು: ಕೊಡಲಿ ಎತ್ತುವ ಮುನ್ನ ನೀರಿನ ದಾರಿ ನೋಡಿ

ಗೋಡೆಯಲ್ಲಿ ಬಿರುಕು ಕಂಡರೆ, ಬಚ್ಚಲಿನ ನೀರು ಹಿಂದಕ್ಕೆ ಉಕ್ಕಿದರೆ, ಸಂಪಿನ ತಳದಲ್ಲಿ ಕೂದಲಿನಂತಹ ಬೇರು ತೇಲಿದರೆ ಮೊದಲ ಆರೋಪಿ ಅಂಗಳದ ಮರ. ಮೇಸ್ತ್ರಿ ಬಂದು ನೋಡಿ ಮರ ತೆಗೆಸಿಬಿಡಿ ಎನ್ನುತ್ತಾನೆ. ಮನೆಯ ಹಿರಿಯರು ಬೇಡ ಎನ್ನುತ್ತಾರೆ. ಪಕ್ಕದ ನಿವೇಶನದವರ ಮರವಾಗಿದ್ದರೆ ಮಾತು ಜಗಳಕ್ಕೆ ತಿರುಗುತ್ತದೆ. ಕೊನೆಗೆ ಕೊಡಲಿ ಬೀಳುತ್ತದೆ, ಹಣ ಖರ್ಚಾಗುತ್ತದೆ. ಒಂದೆರಡು ವರ್ಷದಲ್ಲಿ ಅದೇ ಬಿರುಕು, ಅದೇ ಕಟ್ಟಿದ ಕೊಳವೆ ಮತ್ತೆ ಎದುರಾಗುವುದುಂಟು.

ಚಿಕ್ಕಮಗಳೂರು ಜಿಲ್ಲೆಯ ಪೂರ್ವಭಾಗದ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳನ್ನು ಒಟ್ಟಿಗೆ ನೋಡಿದರೆ ಇದಕ್ಕೆ ಕಾರಣ ಹೊಳೆಯುತ್ತದೆ. ಬೀರೂರು ಜಂಕ್ಷನ್ನಿನ ಆಸುಪಾಸಿನ ಈ ಮೂರು ಪಟ್ಟಣಗಳ ನಡುವೆ ದೂರ ಹೆಚ್ಚಿಲ್ಲ. ಆದರೆ ಮಣ್ಣು, ಮಳೆ ಮತ್ತು ಮನೆ ಕಟ್ಟುವ ರೀತಿ ಬೇರೆಬೇರೆ. ಕಡೂರು ಬರಕ್ಕೆ ಹೆಸರಾದ ಬಯಲುಸೀಮೆ, ತೆಂಗಿನ ನಾಡು. ತರೀಕೆರೆ ಮಲೆನಾಡಿನ ಸೆರಗು. ಭದ್ರಾ ಜಲಾಶಯ ಇರುವ ಲಕ್ಕವಳ್ಳಿ ಇದೇ ತಾಲ್ಲೂಕಿನದು. ತರೀಕೆರೆಯಿಂದ ಬೇರ್ಪಟ್ಟು 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕಾಗಿ ಘೋಷಿತವಾದ ಅಜ್ಜಂಪುರದ ಸುತ್ತ ಈರುಳ್ಳಿ ಬೆಳೆಯುವ ಎರೆ ಭೂಮಿ ವಿಸ್ತಾರವಾಗಿದೆ. ಹೀಗಾಗಿ ಬೇರಿನ ಕಾಟ ಕಡೂರಿನ ಒಣ ಬಯಲಲ್ಲಿ ಹೆಚ್ಚಾಗಿ ಕೊಳವೆಗೆ, ತರೀಕೆರೆಯ ತೇವದ ಹವೆಯಲ್ಲಿ ಗೋಡೆಗೆ, ಅಜ್ಜಂಪುರದ ಎರೆಯಲ್ಲಿ ಪಾಯಕ್ಕೆ. ಮೂರಕ್ಕೂ ಮರ ಕಡಿಯುವುದೊಂದೇ ಮದ್ದು ಎಂದು ನಂಬಿರುವುದೇ ಸಮಸ್ಯೆಯ ಮೂಲ.

ಬೇರು ಅರಸುವುದು ನೀರನ್ನು

ಬೇರಿಗೆ ಮನೆಯ ಮೇಲೆ ದ್ವೇಷವಿಲ್ಲ. ಅದು ನೀರು, ಗಾಳಿ ಮತ್ತು ಸಡಿಲ ಮಣ್ಣು ಇರುವ ಕಡೆಗೆ ಬೆಳೆಯುತ್ತದೆ. ಗಟ್ಟಿಯಾದ, ಸೋರದ ಕೊಳವೆಯನ್ನು ಬೇರು ತಾನಾಗಿ ಕೊರೆದು ಒಳನುಗ್ಗುವುದು ಅಪರೂಪ. ಕೊಳವೆಯ ಜೋಡಣೆಯಲ್ಲಿ ಕೂದಲೆಳೆಯ ಬಿರುಕು ಇದ್ದು, ಅಲ್ಲಿಂದ ತೇವ ಜಿನುಗುತ್ತಿದ್ದರೆ ಸುತ್ತಲಿನ ಮಣ್ಣು ಸದಾ ಹಸಿಯಾಗಿರುತ್ತದೆ. ಆ ಹಸಿಯ ಜಾಡು ಹಿಡಿದು ಎಳೆಬೇರು ಒಳಹೋಗುತ್ತದೆ. ಒಳಗೆ ನೀರೂ ಗೊಬ್ಬರವೂ ಒಟ್ಟಿಗೆ ಸಿಗುವುದರಿಂದ ಕೆಲವೇ ತಿಂಗಳಲ್ಲಿ ಅದು ಜಡೆಯಂತೆ ಹಬ್ಬುತ್ತದೆ. ಅಡುಗೆಮನೆಯ ಜಿಡ್ಡು, ತಲೆಗೂದಲು, ಬಟ್ಟೆಯ ನೂಲು ಆ ಜಡೆಗೆ ಸಿಕ್ಕಿ ಕೊಳವೆ ಮುಚ್ಚಿಹೋಗುತ್ತದೆ. ನಂತರ ಬೇರು ದಪ್ಪವಾಗುತ್ತಾ ಜೋಡಣೆಯನ್ನು ಅಗಲಿಸುತ್ತದೆ.

ಹಳೆಯ ಮನೆಗಳಲ್ಲಿ ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಕೊಳವೆಗಳನ್ನು ಸಿಮೆಂಟಿನ ಗಾರೆಯಿಂದ ಜೋಡಿಸುತ್ತಿದ್ದರು. ಈ ಕೊಳವೆಗಳ ಉದ್ದ ಕಡಿಮೆ, ಹಾಗಾಗಿ ಜೋಡಣೆಗಳ ಸಂಖ್ಯೆ ಹೆಚ್ಚು. ಮಣ್ಣು ಸ್ವಲ್ಪ ಕುಸಿದರೂ ಗಾರೆ ಬಿರಿಯುತ್ತದೆ. ಈಗಿನ ಪಿವಿಸಿ ಕೊಳವೆ ಉದ್ದವಾದ್ದರಿಂದ ಜೋಡಣೆ ಕಡಿಮೆ. ಆದರೂ ಅಂಟು ಸರಿಯಾಗಿ ಹಚ್ಚದೆ ತುರುಕಿದ ಜೋಡಣೆ, ಕೊಳವೆಯ ಕೆಳಗೆ ಮರಳಿನ ಹಾಸು ಹಾಕದೆ ಕಲ್ಲುಮಣ್ಣು ತುಂಬಿದ ಕಾಲುವೆ, ಚೇಂಬರಿನ ಗೋಡೆಗೆ ಕೊಳವೆ ಸೇರುವ ಜಾಗದ ಅರೆಬರೆ ಗಾರೆ ಬೇರಿಗೆ ಬಾಗಿಲು ತೆರೆಯುತ್ತವೆ. ಬೇರು ಬಂದಿದೆ ಎಂದರೆ ಕೊಳವೆ ಎಲ್ಲೋ ಸೋರುತ್ತಿದೆ ಎಂದೇ ಮೊದಲು ಅರ್ಥ ಮಾಡಿಕೊಳ್ಳಬೇಕು. ಮರ ಕಡಿದರೆ ಬೇರು ಸಾಯಬಹುದು, ಸೋರಿಕೆ ನಿಲ್ಲುವುದಿಲ್ಲ.

ಕಡೂರು: ಗುಂಡಿ, ಸಂಪು ಮತ್ತು ತೆಂಗು

ಕಡೂರು, ಬೀರೂರು ಭಾಗದ ಮನೆಗಳಲ್ಲಿ ಹಿತ್ತಲಿಗೊಂದು ತೆಂಗಿನ ಮರ ಸಾಮಾನ್ಯ ದೃಶ್ಯ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಇಡೀ ನಿವೇಶನದಲ್ಲಿ ವರ್ಷವಿಡೀ ತೇವ ಉಳಿಯುವುದು ಎರಡೇ ಜಾಗಗಳಲ್ಲಿ. ಒಂದು ಕುಡಿಯುವ ನೀರಿನ ಸಂಪು, ಇನ್ನೊಂದು ಶೌಚಾಲಯದ ಗುಂಡಿ. ಬೇರು ಎರಡರತ್ತಲೂ ಹೊರಳುತ್ತದೆ.

ತೆಂಗಿನ ಬೇರಿನ ಸ್ವಭಾವ ಅರಳಿ, ಆಲದಂತಲ್ಲ. ಅದಕ್ಕೆ ತಾಯಿಬೇರಿಲ್ಲ. ಬುಡದಿಂದ ಸಾವಿರಾರು ಬೇರುಗಳು ಹೊರಟು ಸುತ್ತ ಹರಡುತ್ತವೆ. ಒಂದೊಂದೂ ಬೆರಳಿನ ಗಾತ್ರದ್ದು. ವರ್ಷ ಕಳೆದಂತೆ ಮರದ ಕೊಂಬೆಯ ಹಾಗೆ ದಪ್ಪವಾಗುತ್ತಾ ಹೋಗುವುದಿಲ್ಲ. ಆದ್ದರಿಂದ ತೆಂಗು ಪಾಯವನ್ನು ಎತ್ತಿ ಒಡೆಯುತ್ತದೆ ಎಂಬ ಭಯ ಬಹುಮಟ್ಟಿಗೆ ಅತಿಶಯ. ಆದರೆ ಗುಂಡಿಯ ಗೋಡೆಯ ರಂಧ್ರ, ಸಂಪಿನ ಮೂಲೆಯ ಬಿರುಕು, ಚೇಂಬರಿನ ಸಂದಿಗೆ ನುಗ್ಗುವುದರಲ್ಲಿ ಅದು ನಿಸ್ಸೀಮ.

ಗುಂಡಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಶಿಫಾರಸು ಮಾಡಿದ ಅವಳಿ ಗುಂಡಿಯ ಶೌಚಾಲಯದಲ್ಲಿ ನೀರು ಮಣ್ಣಿಗೆ ಇಂಗಲೆಂದೇ ಗೋಡೆಯಲ್ಲಿ ಜಾಲರಿಯಂತೆ ರಂಧ್ರ ಬಿಡುತ್ತಾರೆ. ಅದು ದೋಷವಲ್ಲ, ಗುಂಡಿ ಕೆಲಸ ಮಾಡುವ ಕ್ರಮವೇ ಅದು. ಆದರೆ ಆ ರಂಧ್ರದಿಂದ ಬೇರು ಒಳಬಂದರೆ ಇಂಗುವಿಕೆ ಕಡಿಮೆಯಾಗಿ ಗುಂಡಿ ಬೇಗ ತುಂಬುತ್ತದೆ. ರಂಧ್ರ ಮುಚ್ಚುವುದು ಇದಕ್ಕೆ ಪರಿಹಾರವಲ್ಲ. ಗುಂಡಿ ತೋಡುವ ಮುನ್ನ ಮರದಿಂದ ದೂರದ ಜಾಗ ಆರಿಸಿಕೊಳ್ಳುವುದೇ ಪರಿಹಾರ.

ಹೆಚ್ಚು ಆತಂಕದ ಸಂಗತಿ ಸಂಪಿನದು. ಚಿಕ್ಕ ನಿವೇಶನಗಳಲ್ಲಿ ಸಂಪು ಮತ್ತು ಗುಂಡಿ ಕೆಲವೇ ಅಡಿಗಳ ಅಂತರದಲ್ಲಿರುತ್ತವೆ. ಒಂದೇ ಮರದ ಬೇರು ಎರಡಕ್ಕೂ ಹೊಕ್ಕರೆ, ಬೇರು ಹಬ್ಬಿದ ಸಡಿಲ ಮಣ್ಣಿನ ಜಾಡು ಕೊಳಕು ನೀರಿಗೆ ದಾರಿಯಾಗುತ್ತದೆ. ಸಂಪಿನಲ್ಲಿ ಬೇರು ಕಂಡರೆ ಅದನ್ನು ಕಿತ್ತೆಸೆದು ಸುಮ್ಮನಾಗುವಂತಿಲ್ಲ. ನೀರು ಖಾಲಿ ಮಾಡಿಸಿ, ಬಿರುಕು ಹುಡುಕಿ, ಒಳಗಿನಿಂದ ನೀರು ತಡೆಯುವ ಗಾರೆ ಮಾಡಿಸುವವರೆಗೆ ಆ ನೀರನ್ನು ಕುಡಿಯಲು ಬಳಸದಿರುವುದು ಲೇಸು.

ಪ್ರಾಣಕ್ಕೆ ಎರವಾಗುವ ತಪ್ಪು

ಬೇರಿನ ಸಮಸ್ಯೆಯಲ್ಲಿ ಮನೆಗಿಂತ ದೊಡ್ಡದೊಂದು ಪಣಕ್ಕಿದೆ, ಅದು ಮನುಷ್ಯನ ಜೀವ. ಹೀರುವ ಯಂತ್ರ ಮಲವನ್ನು ಎಳೆದುಕೊಳ್ಳುತ್ತದೆ, ಬೇರನ್ನಲ್ಲ. ಬೇರು ಕಟ್ಟಿಕೊಂಡ ಗುಂಡಿಗೆ ಇಳಿದು ಮಚ್ಚಿನಿಂದ ಕಡಿಯಲು ಕೂಲಿಯವರನ್ನು ಕರೆಯುವ ಅಪಾಯ ಇರುವುದು ಇಲ್ಲೇ. ಗುಂಡಿಯೊಳಗೆ ಸೇರಿಕೊಂಡ ಜಲಜನಕದ ಸಲ್ಫೈಡ್ ಅನಿಲ ಕ್ಷಣಾರ್ಧದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಮೇಲಿಂದ ರಕ್ಷಿಸಲು ಇಳಿದವರೂ ಸಾಯುತ್ತಾರೆ.

2013ರ ಕೈಯಿಂದ ಮಲ ಬಾಚುವ ವೃತ್ತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಒಬ್ಬರನ್ನು ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿಗೆ ಇಳಿಸುವುದು ಅಪರಾಧ. ಮೊದಲ ಬಾರಿಯ ತಪ್ಪಿಗೆ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಇಂತಹ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಮನೆಯ ಮಾಲೀಕ ತಾನು ಕರೆದಿದ್ದು ದಿನಗೂಲಿಯವನನ್ನು, ತನಗೆ ಹೊಣೆ ಇಲ್ಲ ಎನ್ನುವಂತಿಲ್ಲ. ಬೇರು ಕತ್ತರಿಸುವ ಕೆಲಸ ಮೇಲಿನಿಂದಲೇ, ಉದ್ದನೆಯ ಸರಳು ಅಥವಾ ತಿರುಗುವ ಅಲಗಿನ ಯಂತ್ರದಿಂದ ಆಗಬೇಕು. ಅದಾಗದಿದ್ದರೆ ಆ ಗುಂಡಿ ಬಿಟ್ಟು ಬೇರೆ ಗುಂಡಿ ತೋಡಿಸುವುದೇ ಸರಿ.

ಸುರಿಯುವ ಮದ್ದುಗಳ ಬಗ್ಗೆಯೂ ಎಚ್ಚರ ಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಅದನ್ನು ಶೌಚಾಲಯಕ್ಕೆ ಸುರಿದರೆ ಕೊಳವೆಯೊಳಗಿನ ಬೇರು ಸ್ವಲ್ಪ ಕಾಲ ಸಾಯುತ್ತದೆ ನಿಜ. ಆದರೆ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೂ ತಾಮ್ರ ವಿಷವೇ. ಗುಂಡಿಯಿಂದ ಇಂಗಿದ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಟ್ಟಿಗೆ ಬಿದ್ದರೆ ವಿಷಾನಿಲ ಹುಟ್ಟುತ್ತದೆ. ಬಿರುಕು ಮುಚ್ಚದೆ ಮದ್ದು ಸುರಿಯುವುದು ಪ್ರತಿ ವರ್ಷ ಸುರಿಯುವುದಕ್ಕೆ ನಾಂದಿಯಷ್ಟೇ.

ಖಾಲಿ ನಿವೇಶನದ ಪರದೇಶಿ ಜಾಲಿ

ಮನೆಯ ಮರಕ್ಕೆ ಮಾಲೀಕನಿದ್ದಾನೆ. ಪಕ್ಕದ ಖಾಲಿ ನಿವೇಶನದ ಪೊದೆಗೆ ಯಾರೂ ಇಲ್ಲ. ಹೊಸ ಬಡಾವಣೆಗಳಲ್ಲಿ ನಿವೇಶನ ಕೊಂಡು ಬೆಂಗಳೂರಿನಲ್ಲಿ ನೆಲೆಸಿದವರ ಜಾಗಗಳಲ್ಲಿ ಬಳ್ಳಾರಿ ಜಾಲಿ, ಸುಬಾಬುಲ್, ಲಂಟಾನ ತಾವಾಗಿ ಬೆಳೆಯುತ್ತವೆ. ಮೂರೂ ಅಮೆರಿಕ ಖಂಡದ ಮೂಲದವು. ಸೌದೆಗೆ, ಮಣ್ಣು ಹಿಡಿಯುವುದಕ್ಕೆಂದು 19ನೇ ಶತಮಾನದಲ್ಲಿ ಭಾರತಕ್ಕೆ ಬಂದ ಬಳ್ಳಾರಿ ಜಾಲಿ ಈಗ ಒಣ ನಾಡಿನ ಹುಲ್ಲುಗಾವಲುಗಳಿಗೇ ಕಂಟಕವಾಗಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಕೃಷ್ಣಮೃಗಗಳಿಗೆ ನೆಲೆಯಾದ ಇಂತಹ ಕಾವಲುಗಳಿಗೆ ಪರದೇಶಿ ಗಿಡಗಳು ಹೇಗೆ ಸಂಕಟವೋ, ಪಟ್ಟಣದ ಕಾಂಪೌಂಡ್ ಗೋಡೆಗಳಿಗೂ ಹಾಗೆಯೇ.

ಈ ಕುಲದ ಜಾಲಿಯ ಬೇರಿನ ಶಕ್ತಿ ಜಗತ್ಪ್ರಸಿದ್ಧ. ಅಮೆರಿಕದ ಅರಿಜೋನಾದ ಟೂಸಾನ್ ಬಳಿಯ ತೆರೆದ ಗಣಿಯೊಂದರಲ್ಲಿ ನೆಲದಿಂದ ಸುಮಾರು 53 ಮೀಟರ್ ಆಳದಲ್ಲಿ ಇದರ ಬೇರು ಸಿಕ್ಕಿದ್ದು 1960ರಲ್ಲಿ ವರದಿಯಾಗಿತ್ತು. ಮನೆಯಂಗಳದ ಜಾಲಿ ಅಷ್ಟು ಆಳಕ್ಕೆ ಇಳಿಯಬೇಕಿಲ್ಲ. ಪಕ್ಕದ ಮನೆಯ ಗುಂಡಿ ಅದಕ್ಕೆ ಸಾಕು. ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಹತ್ತಾರು ಚಿಗುರು ಹೊರಡುತ್ತವೆ, ಪೊದೆ ಮೊದಲಿಗಿಂತ ದಟ್ಟವಾಗುತ್ತದೆ. ಜೆಸಿಬಿ ಬಂದು ಮೇಲ್ಮೈ ಕೆರೆದು ಹೋದರೂ ಫಲಿತಾಂಶ ಅದೇ. ಚಿಗುರುವ ಕಣ್ಣುಗಳಿರುವ ಬುಡದ ಭಾಗವನ್ನು ನೆಲದ ಕೆಳಗೆ ಸುಮಾರು ಒಂದು ಅಡಿಯವರೆಗೆ ಅಗೆದು ತೆಗೆಯಬೇಕು. ಗಿಡ ಮೊಣಕಾಲೆತ್ತರ ಇರುವಾಗ ಗುದ್ದಲಿಯಿಂದ ಅರ್ಧ ಗಂಟೆಯಲ್ಲಿ ಆಗುವ ಕೆಲಸ, ಐದು ವರ್ಷ ಬಿಟ್ಟರೆ ಯಂತ್ರದ ಬಾಡಿಗೆಯ ಲೆಕ್ಕಕ್ಕೆ ಹೋಗುತ್ತದೆ.

ತರೀಕೆರೆ: ಗೋಡೆಯ ಸಂದಿನ ಅರಳಿ

ತರೀಕೆರೆಯತ್ತ ಬಂದರೆ ಹವೆಯೇ ಬದಲು. ಮಳೆ ಹೆಚ್ಚು, ಗೋಡೆಗಳು ತಿಂಗಳುಗಟ್ಟಲೆ ತೇವ ಹಿಡಿದಿರುತ್ತವೆ. ಹಳೆಯ ಹೆಂಚಿನ ಮನೆ, ಸುಣ್ಣದ ಗಾರೆಯ ಗೋಡೆ, ತಾರಸಿಯ ನೀರು ಇಳಿಯುವ ಕೊಳವೆಯ ಮೂಲೆ ಇವೆಲ್ಲ ಅರಳಿ, ಆಲ, ಗೋಣಿ, ಬಸರಿ ಗಿಡಗಳಿಗೆ ಹೇಳಿ ಮಾಡಿಸಿದ ತಾಣ. ಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಬಂದ ಬೀಜ ಸಂದಿನಲ್ಲಿ ಮೊಳೆಯುತ್ತದೆ. ಎರಡು ಎಲೆ ಇರುವಾಗ ಅದನ್ನು ಯಾರೂ ಗಮನಿಸುವುದಿಲ್ಲ. ಗಮನಿಸುವ ಹೊತ್ತಿಗೆ ಬೇರು ಇಟ್ಟಿಗೆಗಳ ನಡುವೆ ಇಳಿದು ಬೆಣೆಯಂತೆ ದಪ್ಪವಾಗಿರುತ್ತದೆ.

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಇಂದಿಗೂ ನಿಂತಿದೆ. ಇಂತಹ ಸ್ಮಾರಕಗಳನ್ನು ಉಳಿಸುವ ಕೆಲಸದಲ್ಲಿ ಕಲ್ಲಿನ ಸಂದಿನಲ್ಲಿ ಮೊಳೆತ ಗಿಡವನ್ನು ಚಿಕ್ಕದಿರುವಾಗಲೇ ಕೀಳುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಮುಖ್ಯವಾದ ಕ್ರಮ. ತಡವಾದರೆ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯಾದ ತಾ ಪ್ರೋಮ್ ದೇವಾಲಯ ಸಾಕ್ಷಿ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ನೆರವಿನಿಂದ ಸಂರಕ್ಷಣೆ ನಡೆದ ಅಲ್ಲಿ ಗೋಡೆಯನ್ನು ಸೀಳಿದ ಬೇರೇ ಈಗ ಗೋಡೆಯನ್ನು ಹಿಡಿದು ನಿಲ್ಲಿಸಿದೆ. ಮರ ತೆಗೆದರೆ ಕಲ್ಲೂ ಬೀಳುತ್ತದೆ.

ಮನೆಗೂ ಇದೇ ಮಾತು ಅನ್ವಯ. ಬೆಳೆದ ಅರಳಿಯನ್ನು ಗೋಡೆಯಿಂದ ಜಗ್ಗಿ ಎಳೆದರೆ ಇಟ್ಟಿಗೆಯೂ ಜೊತೆಗೆ ಬರುತ್ತದೆ. ಕಾಂಡ ಕತ್ತರಿಸಿ, ಬೇರು ಇರುವಷ್ಟು ದೂರ ಗಾರೆ ಬಿಡಿಸಿ, ಬೇರನ್ನು ತುಂಡುತುಂಡಾಗಿ ತೆಗೆದು, ಸಂದನ್ನು ಮತ್ತೆ ತುಂಬಿಸಬೇಕು. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಹೊಂದುತ್ತದೆ. ಗಟ್ಟಿ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಪಕ್ಕದಲ್ಲಿ ಮತ್ತೊಂದು ಬಿರುಕು ಬಿಡುತ್ತದೆ. ಇಂಗು ಇಟ್ಟರೆ ಮರ ಒಣಗುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಚಾಲ್ತಿಯಲ್ಲಿದೆ, ಅದನ್ನು ನಂಬಿ ಕೂರುವುದರೊಳಗೆ ಬೇರು ಇನ್ನೊಂದು ಗೇಣು ಇಳಿದಿರುತ್ತದೆ. ಕಳೆನಾಶಕದ ಮಾತೂ ಸುಲಭವಲ್ಲ. ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣ ನಿರ್ವಾಹಕರಿಗಷ್ಟೇ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು.

ಅರಳಿಗೆ ಕೊಡಲಿ ಹಾಕಲು ಹಿಂಜರಿಯುವುದು ಈ ಭಾಗದ ಜನರ ರೂಢಿ. ಆ ಹಿಂಜರಿಕೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಕಿಲ್ಲ. ಚಿಕ್ಕ ಗಿಡವನ್ನು ಬೇರು ಸಹಿತ ಬಿಡಿಸಿ ಗುಂಡುತೋಪಿನಲ್ಲಿಯೋ ಊರಾಚೆಯ ಕಟ್ಟೆಯಲ್ಲಿಯೋ ನೆಟ್ಟರೆ ಗೋಡೆಯೂ ಉಳಿಯುತ್ತದೆ, ನಂಬಿಕೆಯೂ ಉಳಿಯುತ್ತದೆ.

ಅಜ್ಜಂಪುರ: ಮರ ಕಡಿದ ಮೇಲೆ ಬಿರಿಯುವ ಮನೆ

ಮೂರು ಪಟ್ಟಣಗಳ ಪೈಕಿ ಅತ್ಯಂತ ಜಟಿಲವಾದದ್ದು ಅಜ್ಜಂಪುರದ ಎರೆಮಣ್ಣಿನ ಸಮಸ್ಯೆ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕು ಬಿಡುವ ಮಣ್ಣೇ ಮನೆಯ ಕೆಳಗೂ ಇದೆ. ಋತುಮಾನಕ್ಕೆ ತಕ್ಕಂತೆ ಈ ಉಬ್ಬುಕುಗ್ಗು ಸುಮಾರು 3.5 ಮೀಟರ್ ಆಳದವರೆಗೂ ನಡೆಯಬಹುದು ಎಂಬುದು ಕಟ್ಟಡ ಎಂಜಿನಿಯರುಗಳ ಲೆಕ್ಕ. ನಾಲ್ಕು ಅಡಿ ಪಾಯ ತೆಗೆದು ಸೈಜುಗಲ್ಲು ಕಟ್ಟಿದ ಮನೆ ಅಲುಗಾಡುವ ಮಣ್ಣಿನ ಮೇಲೆಯೇ ಕುಳಿತಿರುತ್ತದೆ.

ಇಂತಹ ಮಣ್ಣಿನಲ್ಲಿ ಮರ ಪಾಯವನ್ನು ಒದ್ದು ಒಡೆಯುವುದಿಲ್ಲ. ಅದು ಪಾಯದ ಕೆಳಗಿನ ನೀರನ್ನು ಹೀರುತ್ತದೆ. ಆ ಭಾಗದ ಮಣ್ಣು ಕುಗ್ಗಿ, ಮನೆಯ ಆ ಮೂಲೆ ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗುವ ಬಿರುಕು ಇದರ ಗುರುತು. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾದರೆ ಮಣ್ಣಿನದೇ ಆಟ ಎಂದು ತಿಳಿಯಬಹುದು. ಬಿರುಕಿನ ಎರಡು ಬದಿಗೂ ಪೆನ್ಸಿಲಿನಿಂದ ಗುರುತು ಹಾಕಿ, ದಿನಾಂಕ ಬರೆದು, ಒಂದು ವರ್ಷ ಅಳತೆ ಇಟ್ಟುಕೊಂಡರೆ ಎಂಜಿನಿಯರಿಗೆ ಅರ್ಧ ಉತ್ತರ ಸಿಕ್ಕಂತೆ.

ಲಂಡನ್ ನಗರದ ಜೇಡಿಮಣ್ಣೂ ಇದೇ ಜಾತಿಯದು. 1976ರ ಭೀಕರ ಬರದ ನಂತರ ಬ್ರಿಟನ್ನಿನಲ್ಲಿ ಸಾವಿರಾರು ಮನೆಗಳು ಬಿರುಕು ಬಿಟ್ಟಾಗ ಮರ ಮತ್ತು ಪಾಯದ ಸಂಬಂಧ ಅಲ್ಲಿ ಗಂಭೀರ ಅಧ್ಯಯನಕ್ಕೆ ಒಳಗಾಯಿತು. ಆ ಅನುಭವದಿಂದ ತಿಳಿದುಬಂದ ಒಂದು ಸತ್ಯ ಅಜ್ಜಂಪುರಕ್ಕೂ ಬಲು ಮುಖ್ಯ. ಮನೆಗಿಂತ ಹಳೆಯದಾದ ದೊಡ್ಡ ಮರವನ್ನು ಒಮ್ಮೆಲೇ ಕಡಿದರೆ, ಅದು ಇಷ್ಟು ವರ್ಷ ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿಯುತ್ತದೆ. ಒಣಗಿ ಕುಗ್ಗಿದ್ದ ಮಣ್ಣು ನಿಧಾನವಾಗಿ ಉಬ್ಬಿ ಪಾಯವನ್ನು ಮೇಲಕ್ಕೆ ಎತ್ತುತ್ತದೆ. ಮರ ಇದ್ದಾಗ ಇಲ್ಲದ ಬಿರುಕು ಮರ ಹೋದ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗೆಂದು ಒಂದು ಬದಿಯ ದಪ್ಪ ಬೇರುಗಳನ್ನು ಮಾತ್ರ ಕಡಿದರೆ ಮರದ ಆಸರೆ ತಪ್ಪಿ, ಮುಂಗಾರುಪೂರ್ವ ಗಾಳಿಗೆ ಅದು ಮನೆಯ ಮೇಲೆಯೇ ಬೀಳಬಹುದು.

ಆದ್ದರಿಂದ ಎರೆಯ ಊರಿನಲ್ಲಿ ಕ್ರಮ ಬೇರೆ. ಮೊದಲು ಸೋರುವ ಕೊಳವೆ, ಪಾಯದ ಪಕ್ಕ ನಿಲ್ಲುವ ಮಳೆನೀರು, ಗೋಡೆಗೆ ತಾಗಿದ ಬಚ್ಚಲ ಮೋರಿ ಸರಿಪಡಿಸಬೇಕು. ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಲ್ಲುಹಾಸು ಹಾಕಿ ಪಾಯದ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ ಇರುವಂತೆ ನೋಡಿಕೊಳ್ಳಬೇಕು. ಮರದ ಕೊಂಬೆಗಳನ್ನು ಹಂತಹಂತವಾಗಿ ಸವರಿದರೆ ಅದು ಹೀರುವ ನೀರೂ ಕಡಿಮೆಯಾಗುತ್ತದೆ. ಕಡಿಯಲೇಬೇಕಾದರೆ ಎಂಜಿನಿಯರ್ ನೋಡಿದ ಮೇಲೆ, ಕೆಲವು ವರ್ಷಗಳಲ್ಲಿ ಹಂಚಿ ಕಡಿಯುವುದು ವಾಸಿ. ಹೊಸದಾಗಿ ಕಟ್ಟುವವರಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಮಣ್ಣಿಗಾಗಿಯೇ ರೂಪಿಸಿದ, ತುದಿಯಲ್ಲಿ ಗೆಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ವಿಧಾನವಿದೆ. ಅಲುಗುವ ಮಣ್ಣಿನ ಪದರವನ್ನು ದಾಟಿ ಇಳಿಯುವ ಈ ಕಂಬಗಳ ಮೇಲೆ ಬೀಮ್ ಹಾಕಿ ಕಟ್ಟಿದ ಮನೆಗೆ ಅಂಗಳದ ಮರದ ಭಯ ಬಹಳ ಕಡಿಮೆ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಮರುವರ್ಷ ಮುಂಗಾರು ಚೆನ್ನಾಗಿ ಸುರಿಯಿತು. ಬರದ ಬೆನ್ನಿಗೆ ಮಳೆ ಬಂದಾಗ ರೈತನಿಗೆ ಸಂತೋಷ. ಆದರೆ ಎರೆಯ ಮೇಲೆ ಕುಳಿತ ಮನೆಗೆ ಅದು ಪರೀಕ್ಷೆಯ ಕಾಲ. ಹವೆ ಹೀಗೆ ಅತಿಯಿಂದ ಅತಿಗೆ ಹೊಯ್ದಾಡಿದಷ್ಟೂ ಬಿರುಕುಗಳು ಹೆಚ್ಚುತ್ತವೆ.

ಮರ ಒಂದು ಇಲಾಖೆಗೆ, ಮೋರಿ ಇನ್ನೊಂದಕ್ಕೆ

ಕಾನೂನಿನ ನೋಟದಲ್ಲಿ ಬೇರಿನ ಸಮಸ್ಯೆ ಹಲವು ತುಂಡುಗಳಾಗಿ ಹಂಚಿಹೋಗಿದೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಎಂಬುದು ಅನುಮತಿ ನೀಡಲು ಕಾಯ್ದೆಯೇ ಒಪ್ಪಿರುವ ಕಾರಣಗಳಲ್ಲಿ ಒಂದು. ಕಡಿದ ಮರಕ್ಕೆ ಬದಲಾಗಿ ಗಿಡ ನೆಡುವ ಹೊಣೆಯೂ ಜೊತೆಗಿದೆ. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕೊಳವೆ, ಚರಂಡಿ ಮತ್ತು ಖಾಲಿ ನಿವೇಶನದ ಕಸ ಕಡೂರು, ತರೀಕೆರೆಯಲ್ಲಿ ಪುರಸಭೆಯ, ಅಜ್ಜಂಪುರದಲ್ಲಿ ಪಟ್ಟಣ ಪಂಚಾಯಿತಿಯ ವ್ಯಾಪ್ತಿಗೆ ಸೇರುತ್ತವೆ. ಪಾಯದ ಹೊಣೆ ಮಾತ್ರ ಪೂರ್ತಿ ಮಾಲೀಕನದು.

ನೆರೆಯವರ ಮರದ ವಿಷಯದಲ್ಲಿ ನ್ಯಾಯಾಲಯಗಳು ಬಹಳ ಹಿಂದಿನಿಂದ ಒಪ್ಪಿಕೊಂಡು ಬಂದ ತತ್ವವೊಂದಿದೆ. ತನ್ನ ಗಡಿಯೊಳಗೆ ಚಾಚಿದ ಕೊಂಬೆಯನ್ನು ಗಡಿಯ ಮಟ್ಟಿಗೆ ಕತ್ತರಿಸುವ ಹಕ್ಕು ನಿವೇಶನದಾರನಿಗಿದೆ. ನುಗ್ಗಿದ ಬೇರು ಹಾನಿ ಮಾಡಿದರೆ ಅದನ್ನು ಉಪದ್ರವವೆಂದು ಪರಿಗಣಿಸಿ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳಬಹುದು. ಆದರೆ ಗಡಿ ದಾಟಿ ಹೋಗಿ ಮರಕ್ಕೆ ಕೈ ಹಾಕುವಂತಿಲ್ಲ. ಮರ ಬೀಳುವ ಸ್ಥಿತಿಯಲ್ಲಿದ್ದು ನೆರೆಹೊರೆಯವರಿಗೆ, ದಾರಿಹೋಕರಿಗೆ ಅಪಾಯವಾಗುವಂತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ದೂರು ನೀಡಲು ಅವಕಾಶವಿದೆ. 2024ರ ಜುಲೈ 1ರವರೆಗೆ ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಾಗಿತ್ತು. ಇವೆಲ್ಲ ಮರ ಬೀಳುವ ಹಂತಕ್ಕೆ ಬಂದ ಮೇಲೆ, ಗೋಡೆ ಬಿರಿದ ಮೇಲೆ ನೆನಪಾಗುವ ಕಾನೂನುಗಳು. ಅದಕ್ಕಿಂತ ಮೊದಲೇ ಎಚ್ಚರಿಸುವ ಏರ್ಪಾಡು ಇಲ್ಲ ಎಂಬುದು ಕೊರತೆ.

ಹೊರಗಿನ ಅನುಭವ

ಬ್ರಿಟನ್ನಿನಲ್ಲಿ ಜಪಾನೀಸ್ ನಾಟ್‌ವೀಡ್ ಎಂಬ ಪರದೇಶಿ ಗಿಡ ಅಂಗಳದಲ್ಲಿದ್ದರೆ ಮನೆಸಾಲ ಸಿಗುವುದೇ ಕಷ್ಟವಾಗಿತ್ತು. ಮನೆ ಮಾರುವವರು ಆ ಗಿಡ ಇದೆಯೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಆದರೆ ಲೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನ, ಕಟ್ಟಡಕ್ಕೆ ಈ ಗಿಡ ಮಾಡುವ ಹಾನಿ ಸಾಮಾನ್ಯ ಮರಗಳು ಮಾಡುವ ಹಾನಿಗಿಂತ ಹೆಚ್ಚಲ್ಲ ಎಂದಿತು. 2022ರಲ್ಲಿ ಅಲ್ಲಿನ ಸರ್ವೇಯರುಗಳ ಸಂಸ್ಥೆ ಎಚ್ಚರಿಕೆಯ ಅಂತರವನ್ನು 7 ಮೀಟರಿನಿಂದ 3 ಮೀಟರಿಗೆ ಇಳಿಸಿತು. ಗಾಬರಿಯ ಜಾಗದಲ್ಲಿ ಅಳತೆ ಬಂದರೆ ನಿಯಮವೂ ಹದಕ್ಕೆ ಬರುತ್ತದೆ ಎಂಬುದಕ್ಕೆ ಇದು ನಿದರ್ಶನ.

ನಮ್ಮ ದೇಶದಲ್ಲೂ ಉದಾಹರಣೆ ಇದೆ. ರಸ್ತೆ ವಿಭಜಕಗಳಲ್ಲಿ ಬೇಗ ಹಸಿರಾಗುತ್ತದೆ ಎಂದು ನೆಟ್ಟ ಕೋನೋಕಾರ್ಪಸ್ ಗಿಡವನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿತು. ಅದರ ಬೇರು ದೂರವಾಣಿ ಕೇಬಲ್, ಚರಂಡಿ ಮತ್ತು ನೀರಿನ ಕೊಳವೆಗಳಿಗೆ ಹಾನಿ ಮಾಡುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ನೆಟ್ಟು, ಬೆಳೆಸಿ, ಆಮೇಲೆ ನಿಷೇಧಿಸುವುದಕ್ಕಿಂತ ನೆಡುವ ಮುನ್ನ ಯೋಚಿಸುವುದು ಅಗ್ಗ ಎಂಬುದು ಅದರ ಪಾಠ.

ಆಗಬೇಕಾದ್ದು

ಮೂರು ಪಟ್ಟಣಗಳಲ್ಲೂ ಮನೆ ಕಟ್ಟಲು ಪರವಾನಗಿ ಕೊಡುವುದು ಸ್ಥಳೀಯ ಸಂಸ್ಥೆಗಳೇ. ಆ ಅರ್ಜಿಯಲ್ಲಿ ಮೂರು ಪ್ರಶ್ನೆ ಸೇರಿಸಿದರೆ ಅರ್ಧ ಕೆಲಸ ಆದಂತೆ. ಮಣ್ಣು ಎರೆಯೋ ಕೆಂಪೋ? ನಿವೇಶನದಲ್ಲಿ ಮತ್ತು ಪಕ್ಕದಲ್ಲಿ ಯಾವ ಮರ, ಎಷ್ಟು ದೂರದಲ್ಲಿದೆ? ಸಂಪು, ಗುಂಡಿ, ಕೊಳವೆ ಎಲ್ಲೆಲ್ಲಿ ಬರುತ್ತವೆ? ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ನಕ್ಷೆಯ ಮೇಲೆ ನಾಲ್ಕು ಗೆರೆ ಸಾಕು. ಆ ನಕ್ಷೆಯ ಪ್ರತಿ ಮನೆಯಲ್ಲಿದ್ದರೆ ಮುಂದೆ ಪ್ಲಂಬರ್ ಇಡೀ ಅಂಗಳ ಅಗೆಯುವುದೂ ತಪ್ಪುತ್ತದೆ. ಖಾಲಿ ನಿವೇಶನದ ಮಾಲೀಕರಿಗೆ ವರ್ಷಕ್ಕೊಮ್ಮೆ ಜಾಲಿ ತೆಗೆಸುವ ನೋಟಿಸ್ ಕೊಟ್ಟು, ತಪ್ಪಿದರೆ ಖರ್ಚನ್ನು ತೆರಿಗೆಯೊಂದಿಗೆ ವಸೂಲಿ ಮಾಡುವ ಪದ್ಧತಿ ಕಟ್ಟುನಿಟ್ಟಾಗಬೇಕು. ಬೇರು ಕತ್ತರಿಸುವ ಯಂತ್ರವೊಂದು ಹೀರುವ ಯಂತ್ರದ ಜೊತೆಗೇ ಬಾಡಿಗೆಗೆ ಸಿಗುವಂತಾದರೆ ಗುಂಡಿಗೆ ಮನುಷ್ಯನನ್ನು ಇಳಿಸುವ ನೆಪವೇ ಇರುವುದಿಲ್ಲ.

ಮನೆಯವರ ಪಾಲಿಗೆ ಅನುಕ್ರಮ ಸರಳ. ಮೊದಲು ಸೋರಿಕೆ ಹುಡುಕಿ, ಆಮೇಲೆ ಜೋಡಣೆ ಬದಲಿಸಿ, ಅದಾದ ಮೇಲೆ ಬೇರು ಕತ್ತರಿಸಿ, ಮರದ ತೀರ್ಮಾನ ಕೊನೆಗಿರಲಿ. ಹೊಸ ಗಿಡ ನೆಡುವಾಗ ಅದು ಬೆಳೆದು ನಿಲ್ಲುವ ಎತ್ತರದಷ್ಟಾದರೂ ದೂರವನ್ನು ಪಾಯದಿಂದ ಬಿಡುವುದು ಕ್ಷೇಮ. ಚಿಕ್ಕ ನಿವೇಶನವಿದ್ದವರು ಅರಳಿ, ಆಲ, ಗುಲ್‌ಮೊಹರ್ ಬಿಟ್ಟು ಕರಿಬೇವು, ದಾಸವಾಳ, ನಿಂಬೆ, ದಾಳಿಂಬೆಯಂತಹ ಚಿಕ್ಕ ಗಿಡಗಳಿಗೆ ಮನಸ್ಸು ಮಾಡಬಹುದು.

ಕಡೂರಿನ ಬೇಸಿಗೆಯಲ್ಲಿ ಅಂಗಳದ ಮರದ ನೆರಳಿನ ಬೆಲೆ ಗೊತ್ತಿಲ್ಲದವರಿಲ್ಲ. ಜೀವಮಾನದ ಉಳಿತಾಯ ಸುರಿದು ಕಟ್ಟಿದ ಮನೆಯ ಬೆಲೆಯೂ ಗೊತ್ತಿಲ್ಲದವರಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಬಹಳಷ್ಟು ಮನೆಗಳಿಗೆ ಬರಬೇಕಾಗಿಯೇ ಇಲ್ಲ. ಮಣ್ಣನ್ನೂ ನೀರಿನ ದಾರಿಯನ್ನೂ ಕಟ್ಟುವ ಮೊದಲೇ ನೋಡಿಕೊಂಡರೆ ಮರವೂ ಮನೆಯೂ ಒಂದೇ ಅಂಗಳದಲ್ಲಿ ಬಾಳಬಲ್ಲವು.